ಕಂಪ್ಯೂಟರ್ ರಿಪೇರಿಗೆ ಗ್ರಾಹಕರನ್ನು ತರುವ ಆನ್‌ಲೈನ್ ವರ್ಗೀಕೃತ ಜಾಹೀರಾತು: ಬರೆಯುವ ಮತ್ತು ನಿಭಾಯಿಸುವ ಬಗೆ

ಕಂಪ್ಯೂಟರ್ ರಿಪೇರಿಯ ಜಾಹೀರಾತನ್ನು ಯಾರೂ ಬಿಡುವಿನ ವೇಳೆಯಲ್ಲಿ ಕುಳಿತು ಓದುವುದಿಲ್ಲ. ಮರುದಿನ ಸಲ್ಲಿಸಬೇಕಾದ ಕಡತವೊಂದು ಒಳಗೇ ಉಳಿದು ಲ್ಯಾಪ್‌ಟಾಪ್ ಆನ್ ಆಗದೆ ಹೋದವರು, ಪರದೆಯ ಮೇಲೆ ಚಹಾ ಚೆಲ್ಲಿಕೊಂಡವರು, ಒಂದು ಪುಟ ತೆರೆಯಲು ನಿಮಿಷಗಟ್ಟಲೆ ಕಾದು ಬೇಸತ್ತವರು ಅದನ್ನು ಓದುತ್ತಾರೆ. ಅದೂ ಹೆಚ್ಚಾಗಿ ಮೊಬೈಲಿನ ಪುಟ್ಟ ಪರದೆಯಲ್ಲಿ, ಅವಸರದಲ್ಲಿ. ಯಂತ್ರದೊಳಗೆ ಏನು ಕೆಟ್ಟಿದೆ ಎಂಬುದು ಅವರಿಗೆ ತಿಳಿಯದು, ಹೊರಗೆ ಏನು ಕಾಣುತ್ತಿದೆ ಎಂಬುದಷ್ಟೇ ಗೊತ್ತು. ಆದ್ದರಿಂದ ‘ಚಿಪ್ ಲೆವೆಲ್ ಸರ್ವೀಸ್, ಓಎಸ್ ಇನ್‌ಸ್ಟಾಲೇಷನ್, ಎಎಂಸಿ’ ಎಂದು ತನ್ನ ವಿದ್ಯೆಯನ್ನು ಪಟ್ಟಿ ಮಾಡುವ ಜಾಹೀರಾತಿಗಿಂತ, ಓದುಗರ ದೂರನ್ನೇ ಅವರ ಮಾತಿನಲ್ಲಿ ಹೇಳಿ, ಅವರ ಭಯಕ್ಕೆ ಉತ್ತರ ಕೊಡುವ ಜಾಹೀರಾತು ಹೆಚ್ಚು ಕರೆಗಳನ್ನು ತರುತ್ತದೆ. ಈ ಬರಹದ ಉಳಿದೆಲ್ಲ ಸೂಚನೆಗಳೂ ಈ ಒಂದು ತಿಳಿವಳಿಕೆಯ ವಿಸ್ತರಣೆಯೇ ಆಗಿವೆ.

ಆ ಭಯಕ್ಕೆ ಕಾರಣವೂ ಇದೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಬೆದರಿಸಿ ಹಣ ಕೀಳುವ ಜಾಲಗಳು ತಾಂತ್ರಿಕ ನೆರವಿನ ಹೆಸರನ್ನೇ ಕೆಡಿಸಿಬಿಟ್ಟಿವೆ. ಇವುಗಳ ಹಾವಳಿಯಿಂದಾಗಿ ಮೈಕ್ರೋಸಾಫ್ಟ್‌ನ ಹುಡುಕಾಟ ತಾಣ ಬಿಂಗ್ 2016ರಲ್ಲಿ, ಯಂತ್ರ ಅಥವಾ ತಂತ್ರಾಂಶದ ತಯಾರಕರಲ್ಲದ ಮೂರನೆಯವರು ಆನ್‌ಲೈನ್‌ನಲ್ಲಿ ಒದಗಿಸುವ ತಾಂತ್ರಿಕ ನೆರವಿನ ಜಾಹೀರಾತುಗಳನ್ನು ನಿಷೇಧಿಸಿತು. 2018ರಲ್ಲಿ ಗೂಗಲ್ ಕೂಡ ಇಂಥ ಜಾಹೀರಾತುಗಳ ಮೇಲೆ ನಿರ್ಬಂಧ ಹೇರುವುದಾಗಿ ಘೋಷಿಸಿತು. ಪ್ರಾಮಾಣಿಕವಾಗಿ ಕೆಲಸ ಮಾಡುವ ಸಣ್ಣ ರಿಪೇರಿಗಾರರಿಗೂ ಇದರ ಬಿಸಿ ತಟ್ಟಿತು. ಹುಡುಕಾಟದ ಜಾಹೀರಾತಿನ ದಾರಿ ಕಿರಿದಾದಾಗ ಕ್ರೇಗ್ಸ್‌ಲಿಸ್ಟ್, ಗಮ್‌ಟ್ರೀ, ಓಎಲ್‌ಎಕ್ಸ್‌ನಂಥ ವರ್ಗೀಕೃತ ಜಾಹೀರಾತಿನ ತಾಣಗಳು ಅವರಿಗೆ ಇನ್ನಷ್ಟು ಮುಖ್ಯವಾದವು. ಆದರೆ ಓದುಗರ ಅನುಮಾನ ಅಲ್ಲಿಗೂ ಹಿಂಬಾಲಿಸಿ ಬಂದಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಜಾಹೀರಾತಿಗೆ ಮೊದಲು

ಯಾವ ಕೆಲಸವನ್ನು ಒಪ್ಪಿಕೊಳ್ಳುತ್ತೀರಿ, ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ವರ್ಗೀಕೃತ ಜಾಹೀರಾತಿನಿಂದ ಸಾಮಾನ್ಯವಾಗಿ ಬರುವ ಕೆಲಸಗಳು ಬೆರಳೆಣಿಕೆಯ ಬಗೆಯವು: ನಿಧಾನವಾದ ಯಂತ್ರ, ಆನ್ ಆಗದ ಯಂತ್ರ, ಒಡೆದ ಪರದೆ, ಚಾರ್ಜ್ ಆಗದ ಲ್ಯಾಪ್‌ಟಾಪ್, ಅತಿಯಾಗಿ ಬಿಸಿಯಾಗಿ ತಾನಾಗಿ ಆಫ್ ಆಗುವುದು, ಎಲ್ಲೆಂದರಲ್ಲಿ ಜಾಹೀರಾತು ಚಿಮ್ಮಿಸುವ ಕಿಡಿಗೇಡಿ ತಂತ್ರಾಂಶ, ಅಳಿಸಿಹೋದ ಫೋಟೋಗಳು. ಇವುಗಳಲ್ಲಿ ಹಾರ್ಡ್ ಡಿಸ್ಕ್ ತೆಗೆದು ಅದರ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕುವ ಕೆಲಸ ಹೊಸದಾಗಿ ಶುರು ಮಾಡುವವರಿಗೆ ಅತ್ಯಂತ ಒಳ್ಳೆಯ ಆರಂಭ ಎಂಬುದು ನನ್ನ ಅಭಿಪ್ರಾಯ. ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಬೇಕಾದ ಮಾಹಿತಿಯ ಜಾಗಕ್ಕೆ ಓದುವ ಮುಳ್ಳು ತಲುಪಲು ಪ್ರತಿ ಸಲವೂ ಹಲವು ಮಿಲಿಸೆಕೆಂಡುಗಳು ಹಿಡಿಯುತ್ತವೆ. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಆ ಕಾಯುವಿಕೆ ಬಹುತೇಕ ಇಲ್ಲವಾಗುತ್ತದೆ. ಕೆಲಸಕ್ಕೆ ತಗಲುವ ಸಮಯವನ್ನು ಮೊದಲೇ ಅಂದಾಜು ಮಾಡಬಹುದು, ಬಿಡಿಭಾಗದ ಬೆಲೆ ಎಲ್ಲರಿಗೂ ತಿಳಿಯುವಂಥದು, ಯಂತ್ರ ಆನ್ ಆದ ಮೊದಲ ನಿಮಿಷದಲ್ಲೇ ಗ್ರಾಹಕರಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು ‘ಟಿಕ್ ಟಿಕ್’ ಸದ್ದು ಮಾಡುವ ಹಾರ್ಡ್ ಡಿಸ್ಕ್. ಅದರೊಳಗಿನ ಯಾಂತ್ರಿಕ ಭಾಗ ಕೆಟ್ಟಿರುವ ಸಾಧ್ಯತೆ ಹೆಚ್ಚು, ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಉಳಿದ ಮಾಹಿತಿಯೂ ಕೈತಪ್ಪಬಹುದು. ಧೂಳುಮುಕ್ತ ಕೋಣೆ ಮತ್ತು ವಿಶೇಷ ಉಪಕರಣ ಇರುವ ಪ್ರಯೋಗಾಲಯದವರಷ್ಟೇ ಅದನ್ನು ಬಿಚ್ಚಬೇಕು. ‘ಎಲ್ಲ ಬಗೆಯ ಡೇಟಾ ರಿಕವರಿ’ ಎಂದು ಜಾಹೀರಾತಿನಲ್ಲಿ ಬರೆದುಕೊಂಡವರ ಮನೆಬಾಗಿಲಿಗೆ ಇಂಥ ಡಿಸ್ಕುಗಳೇ ಮೊದಲು ಬರುತ್ತವೆ. ಅದೇ ರೀತಿ ಬೆಸುಗೆಯ ಅನುಭವವಿಲ್ಲದವರು ಮದರ್‌ಬೋರ್ಡಿನ ಕೆಲಸವನ್ನೂ ಚಾರ್ಜಿಂಗ್ ಪೋರ್ಟಿನ ಕೆಲಸವನ್ನೂ ಒಪ್ಪಿಕೊಳ್ಳದಿರುವುದು ಲೇಸು. ಕೆಲವು ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟು ಬೇರೆಯೇ ತುಂಡಾಗಿ ಬಂದು ಸುಲಭವಾಗಿ ಬದಲಾಗುತ್ತದೆ, ಇನ್ನು ಕೆಲವದರಲ್ಲಿ ನೇರ ಬೋರ್ಡಿಗೇ ಬೆಸೆದಿರುತ್ತದೆ. ಮಾದರಿ ಸಂಖ್ಯೆ ನೋಡದೆ ಹೌದೆನ್ನಬಾರದು.

ಇನ್ನು ವ್ಯವಹಾರದ ನೋಂದಣಿ, ತೆರಿಗೆ, ಪರವಾನಗಿ ಮೊದಲಾದವು ಆಯಾ ಊರಿನ ನಿಯಮಕ್ಕೆ ಬಿಟ್ಟದ್ದು. ಜಾಹೀರಾತು ಹಾಕುವ ಮುನ್ನವೇ ಅದನ್ನು ವಿಚಾರಿಸಿಕೊಳ್ಳಿ.

ತಾಣದ ಆಯ್ಕೆ

ಪ್ರಸಿದ್ಧ ತಾಣವೆಲ್ಲ ಎಲ್ಲ ಕಡೆಯೂ ಜೀವಂತವಾಗಿರುವುದಿಲ್ಲ. ಒಂದು ಊರಿನಲ್ಲಿ ದಿನವೂ ಹೊಸ ಜಾಹೀರಾತು ಬೀಳುವ ತಾಣವೇ ಇನ್ನೊಂದು ಊರಿನಲ್ಲಿ ಪಾಳುಬಿದ್ದಿರಬಹುದು. ಇದನ್ನು ತಿಳಿಯಲು ಗ್ರಾಹಕರ ಸ್ಥಾನದಲ್ಲಿ ನಿಂತು ಹುಡುಕಿ ನೋಡುವುದೇ ಸರಿಯಾದ ದಾರಿ. ‘ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ’, ‘ಕಂಪ್ಯೂಟರ್ ಸ್ಲೋ’ ಎಂದೆಲ್ಲ ಜನ ಬರೆಯುವ ಹಾಗೆಯೇ, ನಿಮ್ಮ ಸುತ್ತಲಿನವರು ಯಾವ ಯಾವ ಭಾಷೆಗಳಲ್ಲಿ ಹುಡುಕಬಹುದೋ ಆ ಎಲ್ಲ ಭಾಷೆಗಳಲ್ಲಿಯೂ ಹುಡುಕಿ, ಮೊದಲ ಪುಟದಲ್ಲಿ ಬಂದ ಜಾಹೀರಾತುಗಳ ದಿನಾಂಕ ಗಮನಿಸಿ. ಅಲ್ಲಿರುವುದೆಲ್ಲ ತಿಂಗಳುಗಳಷ್ಟು ಹಳೆಯದಾಗಿದ್ದರೆ ಆ ತಾಣಕ್ಕೆ ಓದುಗರು ಕಡಿಮೆ ಎಂದು ತಿಳಿಯಬಹುದು. ಹೊಸ ಜಾಹೀರಾತು ಬಹಳವಿದ್ದರೆ ಪೋಟಿ ಇದೆ ಎಂದು ಹೆದರಬೇಕಾಗಿಲ್ಲ. ಹಣ ತೆತ್ತು ಅಥವಾ ಶ್ರಮಪಟ್ಟು ಹಲವರು ಮತ್ತೆ ಮತ್ತೆ ಹಾಕುತ್ತಿದ್ದಾರೆಂದರೆ ಅಲ್ಲಿ ಕೆಲಸ ಸಿಗುತ್ತಿದೆ ಎಂದೇ ಅರ್ಥ. ಅವರ ಶೀರ್ಷಿಕೆಗಳನ್ನು ಓದಿಕೊಳ್ಳಿ. ಹೆಚ್ಚಿನವು ಒಂದೇ ಅಚ್ಚಿನಲ್ಲಿ ಹೊಯ್ದಂತಿರುತ್ತವೆ, ನಿಮ್ಮ ಅವಕಾಶ ಇರುವುದು ಅಲ್ಲಿಯೇ.

ವಿಭಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಸೇವೆಗಳಿಗೆ ಬೇರೆ ವಿಭಾಗ, ಮಾರಾಟದ ವಸ್ತುಗಳಿಗೆ ಬೇರೆ ವಿಭಾಗ ಇರುವುದು ವಾಡಿಕೆ. ಹೆಚ್ಚು ಜನ ನೋಡುತ್ತಾರೆಂಬ ಆಸೆಯಿಂದ ರಿಪೇರಿಯ ಜಾಹೀರಾತನ್ನು ಕಂಪ್ಯೂಟರ್ ಮಾರಾಟದ ವಿಭಾಗದಲ್ಲಿ ಹಾಕಿದರೆ ಓದುಗರು ದೂರು ಕೊಡುತ್ತಾರೆ, ಜಾಹೀರಾತು ತೆಗೆದುಹಾಕಲ್ಪಡುತ್ತದೆ, ಕೆಲವೊಮ್ಮೆ ಖಾತೆಯೇ ನಿಂತುಹೋಗುತ್ತದೆ. ಸೇವಾ ವಿಭಾಗಕ್ಕೆ ಶುಲ್ಕ ಕೇಳುವ ತಾಣಗಳೂ ಇವೆ. ಆ ಶುಲ್ಕ ದುಬಾರಿಯೋ ಅಲ್ಲವೋ ಎಂಬುದನ್ನು ಮೊದಲೇ ಊಹಿಸಲಾಗದು, ಎಷ್ಟು ಗ್ರಾಹಕರು ಬಂದರು ಎಂದು ಲೆಕ್ಕ ಇಟ್ಟ ಮೇಲೆಯೇ ಹೇಳಬಹುದು.

ಶೀರ್ಷಿಕೆ

ಪಟ್ಟಿಯಲ್ಲಿ ಓದುಗರಿಗೆ ಕಾಣುವುದು ಒಂದು ಚಿತ್ರ ಮತ್ತು ಶೀರ್ಷಿಕೆಯ ಮೊದಲ ಕೆಲವು ಪದಗಳಷ್ಟೇ. ಉಳಿದ ಭಾಗ ಮೊಬೈಲಿನಲ್ಲಿ ಕತ್ತರಿಸಿ ಹೋಗುತ್ತದೆ. ಆ ಕೆಲವು ಪದಗಳಲ್ಲಿ ತೊಂದರೆಯ ಲಕ್ಷಣ ಬರಬೇಕು. ‘ಅತ್ಯುತ್ತಮ ಹಾಗೂ ವಿಶ್ವಾಸಾರ್ಹ ಕಂಪ್ಯೂಟರ್ ಸೇವೆ’ ಎಂಬ ಶೀರ್ಷಿಕೆಯಲ್ಲಿ ಹುಡುಕುವವರ ತೊಂದರೆಯನ್ನು ಹೇಳುವ ಒಂದು ಪದವೂ ಇಲ್ಲ, ಅತ್ಯುತ್ತಮ ಎಂದು ತಾನೇ ಹೇಳಿಕೊಂಡದ್ದನ್ನು ನಂಬುವವರೂ ಇಲ್ಲ. ಅದರ ಬದಲು ‘ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೇ? ಒಂದೇ ದಿನದಲ್ಲಿ ತಪಾಸಣೆ’, ‘ಒಡೆದ ಲ್ಯಾಪ್‌ಟಾಪ್ ಪರದೆ ಬದಲಾವಣೆ, ಮನೆಗೇ ಬಂದು’, ‘ಕಂಪ್ಯೂಟರ್ ನಿಧಾನವೇ? ಫೈಲುಗಳನ್ನು ಉಳಿಸಿಕೊಂಡು ಎಸ್‌ಎಸ್‌ಡಿ ಅಳವಡಿಕೆ’ ಎಂದು ಬರೆದರೆ, ಆ ತೊಂದರೆ ಇದ್ದವರ ಬೆರಳು ಅಲ್ಲಿ ನಿಲ್ಲುತ್ತದೆ. ಪ್ರತಿ ಶೀರ್ಷಿಕೆಯಲ್ಲೂ ಎರಡು ಸಂಗತಿಗಳಿರುವುದನ್ನು ಗಮನಿಸಿ: ಮೊದಲನೆಯದು ಲಕ್ಷಣ, ಎರಡನೆಯದು ಓದುಗರ ಮನಸ್ಸಿನಲ್ಲಿ ಏಳುವ ಮೊದಲ ಆತಂಕಕ್ಕೆ ಉತ್ತರ. ಆನ್ ಆಗದವರಿಗೆ ಆತುರ, ಪರದೆ ಒಡೆದವರಿಗೆ ಎಲ್ಲಿಗೆ ಹೊತ್ತೊಯ್ಯುವುದೆಂಬ ಚಿಂತೆ, ನಿಧಾನವಾದವರಿಗೆ ಫೋಟೋ ಮತ್ತು ಕಡತಗಳ ಚಿಂತೆ.

ನಕ್ಷತ್ರ ಚಿಹ್ನೆ, ಸಾಲು ಸಾಲು ಆಶ್ಚರ್ಯಸೂಚಕ, ಬೆಂಕಿಯ ಇಮೋಜಿ ಮೊದಲಾದವು ಮೋಸದ ಜಾಹೀರಾತುಗಳ ಗುರುತಾಗಿ ಹೋಗಿರುವುದರಿಂದ ಅವನ್ನು ಬಿಟ್ಟುಬಿಡಿ. ಕಂಪನಿಗಳ ಹೆಸರಿನ ಬಗ್ಗೆಯೂ ಜಾಗರೂಕತೆ ಬೇಕು: ‘ಡೆಲ್ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ’ ಎನ್ನುವುದು ಸತ್ಯ ಸಂಗತಿ, ‘ಡೆಲ್ ಸರ್ವೀಸ್ ಸೆಂಟರ್’ ಎನ್ನುವುದು ಅಧಿಕೃತ ಮಾನ್ಯತೆ ಇಲ್ಲದವರ ಪಾಲಿಗೆ ಸುಳ್ಳು ಮತ್ತು ಕಾನೂನಿನ ತೊಡಕಿಗೆ ದಾರಿ.

ಜಾಹೀರಾತಿನ ಒಡಲು

ಶೀರ್ಷಿಕೆ ತೆರೆದು ಒಳಬಂದವರಿಗೆ ಮುಖ್ಯವಾಗಿ ಬೇಕಾದ ಉತ್ತರಗಳು ಇವು: ಇದೇ ತೊಂದರೆಯೇ, ಎಷ್ಟು ಖರ್ಚು, ಎಲ್ಲಿ ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ನನ್ನ ಮಾಹಿತಿಯ ಗತಿ ಏನು, ಈ ಮನುಷ್ಯನನ್ನು ನಂಬಬಹುದೇ. ಇದೇ ಕ್ರಮದಲ್ಲಿ ಉತ್ತರಿಸಿದರೆ ಜಾಹೀರಾತು ತಾನಾಗಿ ರೂಪುಗೊಳ್ಳುತ್ತದೆ. ಒಂದು ಮಾದರಿಯನ್ನು ನೋಡಬಹುದು.

“ನಿಮ್ಮ ಲ್ಯಾಪ್‌ಟಾಪ್ ಆನ್ ಆಗಿ ಕೆಲಸಕ್ಕೆ ಸಿಗಲು ಹಲವು ನಿಮಿಷ ಹಿಡಿಯುತ್ತಿದೆಯೇ? ಒಂದು ಫೈಲ್ ತೆರೆದರೆ ಎಲ್ಲವೂ ಹ್ಯಾಂಗ್ ಆಗುತ್ತಿದೆಯೇ? ಕೆಲವು ವರ್ಷ ಹಳೆಯ ಯಂತ್ರಗಳಲ್ಲಿ ಇದಕ್ಕೆ ಹೆಚ್ಚಾಗಿ ಹಾರ್ಡ್ ಡಿಸ್ಕ್ ಕಾರಣ. ಅದನ್ನು ತೆಗೆದು ಎಸ್‌ಎಸ್‌ಡಿ ಅಳವಡಿಸಿ, ಹಳೆಯ ಡಿಸ್ಕ್ ಓದಲು ಬರುವಂತಿದ್ದರೆ ನಿಮ್ಮ ಫೈಲು, ತಂತ್ರಾಂಶಗಳೆಲ್ಲವನ್ನೂ ಹೊಸದಕ್ಕೆ ವರ್ಗಾಯಿಸಿ ಕೊಡುತ್ತೇನೆ. ಹಳೆಯ ಡಿಸ್ಕನ್ನು ನಿಮಗೇ ಹಿಂದಿರುಗಿಸುತ್ತೇನೆ. ಕೆಲಸದ ಕೂಲಿ ನಿಗದಿತ; ಎಸ್‌ಎಸ್‌ಡಿಯ ಬೆಲೆ ಪ್ರತ್ಯೇಕ, ಅದರ ಬಿಲ್ ಕೊಡುತ್ತೇನೆ, ಬೇಕಿದ್ದರೆ ನೀವೇ ಕೊಂಡು ತರಬಹುದು. ಪರೀಕ್ಷಿಸಿದ ಮೇಲೆ ಎಸ್‌ಎಸ್‌ಡಿಯಿಂದ ಪ್ರಯೋಜನವಿಲ್ಲ ಎಂದು ಕಂಡರೆ ಹಾಗೆಯೇ ಹೇಳುತ್ತೇನೆ, ತಪಾಸಣೆಯ ಶುಲ್ಕ ಮಾತ್ರ ಕೊಟ್ಟರೆ ಸಾಕು. ಸಂದೇಶ ಕಳಿಸುವಾಗ ಲ್ಯಾಪ್‌ಟಾಪಿನ ತಳಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ತಿಳಿಸಿ.”

ಕೂಲಿ ಮತ್ತು ತಪಾಸಣೆಯ ಶುಲ್ಕದ ಮೊತ್ತವನ್ನು ಅಂಕಿಯಲ್ಲೇ ಬರೆಯಿರಿ. ‘ಬೆಲೆಗೆ ಕರೆ ಮಾಡಿ’ ಎಂಬ ಸಾಲು ಓದುಗರ ಅನುಮಾನಕ್ಕೆ ತುಪ್ಪ ಸುರಿಯುತ್ತದೆ, ಅದರ ಮೇಲೆ ಬರೀ ದರ ಕೇಳುವ ಕರೆಗಳಿಂದ ನಿಮ್ಮ ದಿನವೂ ಹಾಳಾಗುತ್ತದೆ. ಎಲ್ಲ ಕೆಲಸಕ್ಕೂ ಖಚಿತ ದರ ಹೇಳಲಾಗದು ಎಂಬುದು ನಿಜ. ಆನ್ ಆಗದ ಯಂತ್ರದ ಕಾರಣ ಒಂದು ಸಡಿಲ ರ‍್ಯಾಮ್ ಇರಬಹುದು, ಸುಟ್ಟ ಬೋರ್ಡೂ ಇರಬಹುದು. ಅಂಥ ಕಡೆ ತಪಾಸಣೆಯ ಶುಲ್ಕವನ್ನು ಮಾತ್ರ ಖಚಿತವಾಗಿ ಹೇಳಿ, ರಿಪೇರಿ ಮಾಡಿಸಿದರೆ ಅದನ್ನು ಒಟ್ಟು ಮೊತ್ತದಲ್ಲಿ ಕಳೆಯುತ್ತೇನೆ ಎಂದೂ, ಮುಂದಿನ ಖರ್ಚನ್ನು ತಿಳಿಸಿ ಒಪ್ಪಿಗೆ ಪಡೆಯದೆ ಕೆಲಸ ಮುಂದುವರಿಸುವುದಿಲ್ಲ ಎಂದೂ ಬರೆದರೆ ಸಾಕು. ‘ಸರಿಯಾಗದಿದ್ದರೆ ಹಣ ಬೇಡ’ ಎಂಬ ಭರವಸೆ ಕೇಳಲು ಆಕರ್ಷಕವಾಗಿದ್ದರೂ, ಬೇರೆಯವರು ಕೈಚೆಲ್ಲಿದ ಯಂತ್ರಗಳೆಲ್ಲ ಅದರ ಬೆನ್ನುಹತ್ತಿ ನಿಮ್ಮ ಮೇಜಿಗೆ ಬಂದು, ಗಂಟೆಗಟ್ಟಲೆ ದುಡಿದರೂ ಕೈಗೆ ಏನೂ ಸಿಗದಂತಾಗುತ್ತದೆ. ಉಪಕರಣ ಮತ್ತು ಅನುಭವ ಚೆನ್ನಾಗಿ ಕೂಡಿಬರುವವರೆಗೆ ಆ ಮಾತು ಕೊಡದಿರಿ.

‘ನಾನು’ ಎಂದು ಬರೆಯಲು ಸಂಕೋಚ ಬೇಡ. ಒಬ್ಬರೇ ನಡೆಸುವ ಕೆಲಸಕ್ಕೆ ‘ನಮ್ಮ ಪರಿಣತ ತಂಡ’ ಎಂದು ಬರೆದುಕೊಳ್ಳುವವರು ತಮ್ಮ ಕೈಯಲ್ಲಿರುವ ದೊಡ್ಡ ಅನುಕೂಲವನ್ನೇ ಕಳೆದುಕೊಳ್ಳುತ್ತಾರೆ. ಯಂತ್ರವನ್ನು ಯಾರ ಕೈಗೆ ಕೊಡುತ್ತಿದ್ದೇವೆ, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದು ಸ್ಪಷ್ಟವಾಗಿದ್ದರೆ ಗ್ರಾಹಕರಿಗೆ ನೆಮ್ಮದಿ. ಎಷ್ಟು ವರ್ಷದ ಅನುಭವ, ಕೆಲಸದ ಮೇಲೆ ಎಷ್ಟು ದಿನದ ಖಾತರಿ, ಬಿಡಿಭಾಗಕ್ಕೆ ತಯಾರಕರ ವಾರಂಟಿ ಎಷ್ಟು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ. ನಿಮ್ಮ ಮನೆಯ ವಿಳಾಸವನ್ನು ಜಾಹೀರಾತಿನಲ್ಲಿ ಪೂರ್ತಿಯಾಗಿ ಹಾಕಬೇಡಿ. ಪ್ರದೇಶದ ಹೆಸರು ಸಾಕು. ಸಾಧ್ಯವಾದರೆ ಕೆಲಸಕ್ಕೆಂದೇ ಬೇರೆ ಫೋನ್ ಸಂಖ್ಯೆ ಇಟ್ಟುಕೊಳ್ಳಿ, ಏಕೆಂದರೆ ಸಾರ್ವಜನಿಕ ಜಾಹೀರಾತಿನಲ್ಲಿ ಒಮ್ಮೆ ಬಿದ್ದ ಸಂಖ್ಯೆ ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತದೆ.

ಚಿತ್ರಗಳು

ಅಂತರ್ಜಾಲದಿಂದ ಎತ್ತಿಕೊಂಡ, ಬಿಳಿ ಕೋಟು ತೊಟ್ಟು ಲ್ಯಾಪ್‌ಟಾಪಿಗೆ ಸ್ಟೆತೊಸ್ಕೋಪ್ ಹಿಡಿದವನ ಚಿತ್ರವನ್ನು ಓದುಗರು ಹಲವು ಕಡೆ ನೋಡಿರುತ್ತಾರೆ. ನೀವೇ ತೆಗೆದ ಫೋಟೋ ಅಷ್ಟು ನಯವಾಗಿರದಿದ್ದರೂ ಅದಕ್ಕಿಂತ ಎಷ್ಟೋ ಮೇಲು: ಸ್ವಚ್ಛವಾದ ಮೇಜು, ಬಿಚ್ಚಿದ ತಿರುಪುಗಳನ್ನು ಸಾಲಾಗಿ ಜೋಡಿಸಿಟ್ಟ ತಟ್ಟೆ, ಧೂಳು ಕಟ್ಟಿಕೊಂಡ ಫ್ಯಾನ್ ಮತ್ತು ಅದೇ ಫ್ಯಾನ್ ಶುಚಿಗೊಂಡ ಮೇಲಿನ ನೋಟ. ಬಿಸಿಯಾಗಿ ಆಫ್ ಆಗುವ ಯಂತ್ರದ ಜಾಹೀರಾತಿಗೆ ಈ ಎರಡು ಫ್ಯಾನಿನ ಚಿತ್ರಗಳಷ್ಟು ಚೆನ್ನಾಗಿ ಮಾತನಾಡುವುದು ಬೇರೊಂದಿಲ್ಲ. ಗ್ರಾಹಕರ ಯಂತ್ರದ ಚಿತ್ರವಾದರೆ ಅವರ ಅನುಮತಿ ಕೇಳಿ, ಪರದೆಯ ಮೇಲಿನ ಕಡತಗಳು, ಹೆಸರು, ಸೀರಿಯಲ್ ಸಂಖ್ಯೆಯ ಚೀಟಿ ಯಾವುದೂ ಕಾಣದಂತೆ ನೋಡಿಕೊಳ್ಳಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಅಡಗಿರಬಹುದು. ಹಲವು ತಾಣಗಳು ಅದನ್ನು ತಾವೇ ಅಳಿಸುತ್ತವೆ, ಆದರೂ ಕ್ಯಾಮೆರಾದ ಸ್ಥಳ ದಾಖಲೆಯನ್ನು ಆಫ್ ಮಾಡಿಟ್ಟರೆ ಆ ಚಿಂತೆಯೇ ಇಲ್ಲ.

ಒಂದು ತೊಂದರೆಗೆ ಒಂದು ಜಾಹೀರಾತು

ಎಲ್ಲ ಸೇವೆಗಳನ್ನೂ ಒಂದೇ ಜಾಹೀರಾತಿಗೆ ತುಂಬುವುದಕ್ಕಿಂತ, ತಾಣದ ನಿಯಮ ಅನುಮತಿಸುವ ಮಿತಿಯೊಳಗೆ, ಪರದೆಗೊಂದು, ನಿಧಾನಗತಿಗೊಂದು, ಆನ್ ಆಗದಿರುವುದಕ್ಕೊಂದು ಎಂದು ಬೇರೆ ಬೇರೆ ಬರೆಯುವುದು ಉತ್ತಮ. ಆದರೆ ಒಂದೇ ಒಡಲಿಗೆ ಶೀರ್ಷಿಕೆಯನ್ನಷ್ಟೇ ಬದಲಿಸಿ ಹತ್ತು ಕಡೆ ಅಂಟಿಸಿದರೆ ತಾಣದ ತಂತ್ರಾಂಶ ಅದನ್ನು ನಕಲು ಎಂದು ಗುರುತಿಸುತ್ತದೆ. ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡದೆ ಜಾಹೀರಾತನ್ನು ಪಟ್ಟಿಯಿಂದ ಮರೆಮಾಡುವುದೂ ಉಂಟು. ಹಾಕಿದವರ ಖಾತೆಯಲ್ಲಿ ಅದು ಇದ್ದಂತೆಯೇ ಕಾಣುತ್ತದೆ, ಓದುಗರಿಗೆ ಮಾತ್ರ ಕಾಣುವುದಿಲ್ಲ. ಹೀಗಾಗಿ ಹಾಕಿದ ಸ್ವಲ್ಪ ಹೊತ್ತಿನ ನಂತರ ಖಾತೆಯಿಂದ ಹೊರಬಂದು, ಬೇರೆ ಫೋನಿನಲ್ಲಿ, ಹುಡುಕಾಟದ ಮೂಲಕವೇ ಅದು ಸಿಗುತ್ತದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಹೊಸ ಜಾಹೀರಾತು ಪಟ್ಟಿಯ ಮೇಲ್ಭಾಗದಲ್ಲಿದ್ದು ದಿನ ಕಳೆದಂತೆ ಕೆಳಗಿಳಿಯುವ ತಾಣಗಳಲ್ಲಿ ನವೀಕರಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಅಳಿಸಿ ಮತ್ತೆ ಹಾಕುವುದು ನಿಯಮಭಂಗವಾಗುವ ಸಂಭವವಿದೆ. ನವೀಕರಣಕ್ಕೆ ನೀವು ಉತ್ತರಿಸಲು ಬಿಡುವಾಗಿರುವ ಹೊತ್ತನ್ನೇ ಆರಿಸಿಕೊಳ್ಳಿ. ಸಂಜೆ ಕೆಲಸದಿಂದ ಮನೆಗೆ ಬಂದವರು ಹುಡುಕುವ ಸಮಯದಲ್ಲಿ ಮೇಲೆ ಕಾಣಿಸಿಕೊಂಡು, ಮರುದಿನ ಮಧ್ಯಾಹ್ನ ಉತ್ತರ ಕೊಟ್ಟರೆ ಅಷ್ಟು ಹೊತ್ತಿಗೆ ಅವರು ಬೇರೆಯವರನ್ನು ಕಂಡಿರುತ್ತಾರೆ.

ಕಾಲಕ್ಕೆ ತಕ್ಕ ಜಾಹೀರಾತಿಗೂ ಜಾಗವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗೂಢಲಿಪಿಯ ಕೀಗಳನ್ನು ಸುರಕ್ಷಿತವಾಗಿಡುವ ಭದ್ರತಾ ಭಾಗ), ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕೆಂಬ ಷರತ್ತು ಇರುವುದರಿಂದ ಹಳೆಯ ಯಂತ್ರ ಇರುವ ಅನೇಕರಿಗೆ ತಮ್ಮದು ನಡೆಯುತ್ತದೆಯೋ ಇಲ್ಲವೋ ತಿಳಿಯದು. ‘ನಿಮ್ಮ ಕಂಪ್ಯೂಟರಿಗೆ ವಿಂಡೋಸ್ 11 ಬರುತ್ತದೆಯೇ, ಪರೀಕ್ಷಿಸಿ ಹೇಳುತ್ತೇನೆ’ ಎಂಬ ಜಾಹೀರಾತು ಅಂಥವರನ್ನು ಕರೆತರುತ್ತದೆ. ಕೆಲವು ಬೋರ್ಡುಗಳಲ್ಲಿ ಟಿಪಿಎಂ ಇದ್ದರೂ ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ಮೊದಲು ಚಾಲೂ ಆಗುವ ಮೂಲ ತಂತ್ರಾಂಶ) ಆಫ್ ಆಗಿರುತ್ತದೆ, ಉಳಿದ ಷರತ್ತುಗಳು ಪೂರೈಸಿದ್ದರೆ ಅದನ್ನು ಆನ್ ಮಾಡಿದರೆ ಕೆಲಸ ಮುಗಿಯಿತು. ಷರತ್ತು ಪೂರೈಸದ ಯಂತ್ರವಾದರೆ ಅಡ್ಡದಾರಿಯಲ್ಲಿ ಹಾಕಿಕೊಡುವ ಬದಲು ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಲಿನಕ್ಸ್‌ನಂಥ ಪರ್ಯಾಯವನ್ನು ತಿಳಿಸಿ, ಆಯ್ಕೆಯನ್ನು ಅವರಿಗೇ ಬಿಡಿ.

ಮೊದಲ ಉತ್ತರ

ಜಾಹೀರಾತು ತರುವುದು ಸಂದೇಶವನ್ನು ಮಾತ್ರ. ಸಂದೇಶ ಕಳಿಸಿದವರು ಗ್ರಾಹಕರಾಗುವುದು ಉತ್ತರದ ಮೇಲೆ ನಿಂತಿದೆ. ‘ಇನ್ನೂ ಮಾಡುತ್ತೀರಾ?’ ಎಂಬ ಒಂದು ಸಾಲಿಗೆ ‘ಹೌದು, ಹೇಳಿ’ ಎಂದಷ್ಟೇ ಉತ್ತರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕಿಂತ ಮುಂದಿನ ಹೆಜ್ಜೆಯನ್ನು ಸುಲಭಗೊಳಿಸುವ ಒಂದೆರಡು ಪ್ರಶ್ನೆಗಳನ್ನು ಕೇಳಿ. ಆನ್ ಆಗದ ಲ್ಯಾಪ್‌ಟಾಪಿನ ವಿಷಯದಲ್ಲಿ ಹೀಗೆ ಬರೆಯಬಹುದು: “ನಮಸ್ಕಾರ, ಹೌದು, ಮಾಡಿಕೊಡುತ್ತೇನೆ. ಚಾರ್ಜರ್ ಸಿಕ್ಕಿಸಿದಾಗ ಪಕ್ಕದ ದೀಪ ಹತ್ತುತ್ತದೆಯೇ? ಪವರ್ ಬಟನ್ ಒತ್ತಿದಾಗ ಫ್ಯಾನಿನ ಸದ್ದು ಬರುತ್ತದೆಯೇ? ನೀರು ಬಿದ್ದದ್ದು, ಕೆಳಗೆ ಬಿದ್ದದ್ದು ಏನಾದರೂ ಇದೆಯೇ? ಮಾದರಿ ಸಂಖ್ಯೆಯ ಫೋಟೋ ಕಳಿಸಿದರೆ ಅನುಕೂಲ.” ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ಹತ್ತಿ ಆರುತ್ತದೆಯೇ ಎಂದು ಕೇಳಿ, ಹತ್ತುತ್ತಿದ್ದರೆ ಯಂತ್ರ ಒಳಗೆ ಚಾಲೂ ಇದ್ದು ತೊಂದರೆ ಪರದೆಯ ಕಡೆಗಿರುವ ಸಾಧ್ಯತೆ ಹೆಚ್ಚು, ಹೊರಗಿನ ಟಿವಿ ಅಥವಾ ಮಾನಿಟರ್ ಜೋಡಿಸಿ ನೋಡಲು ಹೇಳಬಹುದು.

ದ್ರವ ಚೆಲ್ಲಿಕೊಂಡವರಿಗೆ ಮಾತ್ರ ಪ್ರಶ್ನೆಗಿಂತ ಮೊದಲು ಸಲಹೆ ಕೊಡಿ: ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಬ್ಯಾಟರಿ ಕಳಚುವಂಥದಾದರೆ ಕಳಚಿ, ಒಣಗಿತೇ ಎಂದು ನೋಡಲು ಆನ್ ಮಾಡಬೇಡಿ. ಉಬ್ಬಿದ ಬ್ಯಾಟರಿಯ ಬಗ್ಗೆಯೂ ಹಾಗೆಯೇ, ಅದನ್ನು ಒತ್ತದೆ, ಚುಚ್ಚದೆ, ಚಾರ್ಜ್ ಮಾಡದೆ ಇಡಲು ಹೇಳಿ. ಈ ಸಲಹೆಗೆ ಹಣವಿಲ್ಲ. ಆದರೂ ಆ ಕೆಲಸ ನಿಮಗೇ ಬರುವ ಸಂಭವ ಇದರಿಂದ ಹೆಚ್ಚುತ್ತದೆ. ಸಂದೇಶದಲ್ಲೇ ರೋಗನಿರ್ಣಯ ಮಾಡಿ ಒಟ್ಟು ಖರ್ಚು ಹೇಳಿಬಿಡುವ ಆಸೆಯನ್ನು ತಡೆದುಕೊಳ್ಳಬೇಕು. ‘ಇದು ಅಥವಾ ಇದು ಇರಬಹುದು, ನೋಡಿದ ಮೇಲೆ ಖಚಿತವಾಗಿ ಹೇಳುತ್ತೇನೆ’ ಎಂಬಲ್ಲಿ ನಿಲ್ಲಿಸಿ, ಭೇಟಿಯ ಸಮಯ ಗೊತ್ತುಮಾಡಿ.

ಮೋಸ ಮತ್ತು ಕದ್ದ ಯಂತ್ರ

ಜಾಹೀರಾತು ಹಾಕಿದ ಕೂಡಲೇ ಬರುವ ಕೆಲವು ಸಂದೇಶಗಳು ಗ್ರಾಹಕರವಲ್ಲ. ‘ನೀವು ನಿಜವಾದವರೇ ಎಂದು ತಿಳಿಯಲು ಒಂದು ಕೋಡ್ ಕಳಿಸಿದ್ದೇನೆ, ಅದನ್ನು ತಿಳಿಸಿ’ ಎನ್ನುವವರು ನಿಮ್ಮ ಸಂಖ್ಯೆಯಲ್ಲಿ ಖಾತೆ ತೆರೆಯಲು ಅಥವಾ ಇರುವ ಖಾತೆಯೊಳಗೆ ನುಗ್ಗಲು ಹೊಂಚುತ್ತಿರುತ್ತಾರೆ. ಆ ಅಂಕಿಗಳನ್ನು ಯಾರಿಗೂ ಹೇಳಬಾರದು. ಇನ್ನೊಂದು ಬಗೆ ಹೆಚ್ಚುವರಿ ಪಾವತಿಯದು: ‘ಹತ್ತಾರು ಕಂಪ್ಯೂಟರ್ ಇವೆ, ಮುಂಗಡ ಕಳಿಸಿದ್ದೇನೆ, ತಪ್ಪಿ ಹೆಚ್ಚು ಬಂದಿದೆ, ಉಳಿದದ್ದನ್ನು ಸಾಗಣೆಯವನಿಗೆ ಕೊಡಿ’ ಎನ್ನುತ್ತಾರೆ. ಕಳಿಸಿದ್ದೆನ್ನುವ ಹಣ ಆಮೇಲೆ ರದ್ದಾಗುತ್ತದೆ ಅಥವಾ ಬಂದೇ ಇರುವುದಿಲ್ಲ, ನೀವು ಕೊಟ್ಟದ್ದು ಮಾತ್ರ ಹೋಗಿರುತ್ತದೆ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಅದೂ ಮೋಸವೇ. ಪಿನ್ ಬೇಕಾಗುವುದು ಹಣ ಕೊಡುವಾಗ.

ಪಾಸ್‌ವರ್ಡ್ ತೆಗೆದುಕೊಡಿ ಎಂದು ಬರುವ ಯಂತ್ರಗಳನ್ನು ಎಚ್ಚರದಿಂದ ನೋಡಬೇಕು. ನಿಜವಾಗಿ ಮರೆತವರೂ ಇರುತ್ತಾರೆ, ಕದ್ದದ್ದನ್ನು ತರುವವರೂ ಇರುತ್ತಾರೆ. ಖರೀದಿಯ ಬಿಲ್ ಮತ್ತು ಗುರುತಿನ ಚೀಟಿ ನೋಡದೆ ಬಯಾಸ್ ಬೀಗ ಅಥವಾ ಖಾತೆಯ ಬೀಗ ತೆಗೆಯುವುದಿಲ್ಲ ಎಂದು ಜಾಹೀರಾತಿನಲ್ಲೇ ಒಂದು ಸಾಲು ಬರೆದರೆ ಅಂಥವರು ಕರೆ ಮಾಡುವುದನ್ನೇ ಬಿಡುತ್ತಾರೆ. ಗ್ರಾಹಕರ ಮನೆಗೆ ಹೋಗುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದನ್ನು ನಿಮ್ಮವರಿಗೆ ತಿಳಿಸಿ ಹೋಗಿ.

ಯಂತ್ರ ಕೈಗೆ ಬಂದಾಗ

ವಿಮರ್ಶೆಗಳೂ ಮುಂದಿನ ಗ್ರಾಹಕರೂ ಹುಟ್ಟುವುದು ಇಲ್ಲಿಂದ. ಯಂತ್ರ ಪಡೆಯುವಾಗ ಒಂದು ಚೀಟಿಯಲ್ಲಿ ಮಾದರಿ, ಸೀರಿಯಲ್ ಸಂಖ್ಯೆ, ಜೊತೆಗೆ ಕೊಟ್ಟ ಚಾರ್ಜರ್, ಮೊದಲೇ ಇದ್ದ ಗೀರು ಬಿರುಕುಗಳು, ಗ್ರಾಹಕರು ಹೇಳಿದ ದೂರು, ಒಪ್ಪಿದ ಶುಲ್ಕ ಇವನ್ನು ಬರೆದು ಇಬ್ಬರೂ ಸಹಿ ಹಾಕಿ. ಫಾರ್ಮ್ಯಾಟ್ ಮಾಡಬೇಕಾಗಿ ಬಂದರೆ ಬ್ಯಾಕಪ್ ಇದೆಯೇ ಎಂದು ಕೇಳಿ, ಲಿಖಿತ ಒಪ್ಪಿಗೆ ಪಡೆಯದೆ ಮುಂದುವರಿಯಬೇಡಿ. ಬಯಾಸ್ ಬದಲಿಸುವ ಅಥವಾ ಬೋರ್ಡ್ ತೆಗೆಯುವ ಮೊದಲು ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ಎಂದು ನೋಡಲೇಬೇಕು. ಚಾಲೂ ಇದ್ದು 48 ಅಂಕಿಗಳ ರಿಕವರಿ ಕೀ ಗ್ರಾಹಕರ ಬಳಿ ಇಲ್ಲದಿದ್ದರೆ ಯಂತ್ರ ಸರಿಹೋದರೂ ಅದರೊಳಗಿನ ಮಾಹಿತಿ ತೆರೆಯದೆ ಹೋಗಬಹುದು. ರಿಪೇರಿಗೆ ಅಗತ್ಯವಿಲ್ಲದ ಕಡತಗಳನ್ನು ತೆರೆಯಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಕೆಲಸ ಒಪ್ಪಿಸಿದ ಮೇಲೆ ಒಂದೆರಡು ದಿನ ಬಿಟ್ಟು ‘ಯಂತ್ರ ಸರಿಯಾಗಿ ನಡೆಯುತ್ತಿದೆಯೇ?’ ಎಂದು ವಿಚಾರಿಸಿ. ನಡೆಯುತ್ತಿದೆ ಎಂದವರಿಗೆ ತಾಣದಲ್ಲಿ ಅಭಿಪ್ರಾಯ ಬರೆಯುವ ಪುಟದ ಕೊಂಡಿ ಕಳಿಸಿ ವಿನಂತಿಸಿ. ನೆಂಟರಿಂದ ಹೊಗಳಿಕೆ ಬರೆಸುವ ಚಾಳಿಗೆ ಹೋಗಬೇಡಿ; ಒಂದೇ ದಿನ ಬಿದ್ದ ಒಂದೇ ಧಾಟಿಯ ಐದು ವಿಮರ್ಶೆಗಳು ಎಂಥವರಿಗೂ ಕಾಣುತ್ತವೆ. ದೂರಿನ ವಿಮರ್ಶೆ ಬಂದರೆ ವಾದಕ್ಕಿಳಿಯದೆ, ಏನು ಸರಿಪಡಿಸಲು ಮುಂದೆ ಬಂದಿರೆಂಬುದನ್ನು ಎರಡು ಸಾಲಿನಲ್ಲಿ ಬರೆದು ಬಿಟ್ಟುಬಿಡಿ.

ಲೆಕ್ಕ

ಒಂದು ನೋಟ್‌ಬುಕ್ ಸಾಕು. ಪ್ರತಿ ಕರೆ ಬಂದಾಗ ಯಾವ ತಾಣ, ಯಾವ ಜಾಹೀರಾತು ನೋಡಿ ಕರೆ ಮಾಡಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅದರ ಮುಂದೆ ಕೆಲಸ ಸಿಕ್ಕಿತೇ, ಬಿಡಿಭಾಗದ ಖರ್ಚು ಕಳೆದು ಎಷ್ಟು ಉಳಿಯಿತು ಎಂಬುದನ್ನು ಸೇರಿಸಿ. ಹೆಚ್ಚು ಸಂದೇಶ ತರುವ ಜಾಹೀರಾತೇ ಹೆಚ್ಚು ಆದಾಯ ತರುತ್ತದೆ ಎಂದೇನಿಲ್ಲ. ‘ವೈರಸ್ ತೆಗೆಯುವುದು’ ಎಂಬುದಕ್ಕೆ ಇಪ್ಪತ್ತು ಜನ ದರ ಕೇಳಿ ಇಬ್ಬರು ಬಂದಿರಬಹುದು, ಪರದೆಯ ಜಾಹೀರಾತಿಗೆ ನಾಲ್ವರು ಕೇಳಿ ಮೂವರು ಬಂದಿರಬಹುದು. ಜಾಹೀರಾತನ್ನು ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಶೀರ್ಷಿಕೆಯೋ ಮೊದಲ ಚಿತ್ರವೋ ದರವೋ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ. ಗ್ರಾಹಕರು ಕರೆಯಲ್ಲಿ ಬಳಸಿದ ಮಾತುಗಳನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ‘ತಿರುಗ್ತಾನೇ ಇರತ್ತೆ, ಓಪನ್ ಆಗಲ್ಲ’ ಎಂದು ಮೂವರು ಹೇಳಿದರೆ ಮುಂದಿನ ಶೀರ್ಷಿಕೆ ಅದೇ.

ಕೈತುಂಬ ಕೆಲಸ ಬಂದ ವಾರದಲ್ಲಿ ಜಾಹೀರಾತನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಿ, ಇಲ್ಲವೇ ‘ಮುಂದಿನ ವಾರದಿಂದ ಯಂತ್ರ ಪಡೆಯಲಾಗುವುದು’ ಎಂಬ ಸಾಲನ್ನು ಮೇಲ್ಭಾಗದಲ್ಲಿ ಸೇರಿಸಿ. ಬಿಡಿಭಾಗಗಳ ಬೆಲೆ ಬದಲಾದಾಗ ಹಳೆಯ ದರ ಹೊತ್ತ ಜಾಹೀರಾತು ಎಲ್ಲಿಯೂ ಉಳಿಯದಂತೆ ಎಲ್ಲ ತಾಣಗಳನ್ನೂ ಒಮ್ಮೆ ನೋಡಿ ತಿದ್ದಿ. ಆರು ತಿಂಗಳ ಹಿಂದಿನ ದರವನ್ನು ಮೊಬೈಲಿನಲ್ಲಿ ತೋರಿಸಿಕೊಂಡೇ ಬಾಗಿಲಿಗೆ ಬರುವ ಗ್ರಾಹಕರ ಜೊತೆ ಚರ್ಚೆಗಿಳಿಯುವುದಕ್ಕಿಂತ ಅದು ಸುಲಭ.